ಕೈಲೆಕ್ಕದ ಸರ್

ಅವರ ಎಡಗೈಯ ಕಿರುಬೆರಳಿನಿಂದ ಮಣಿಕಟ್ಟಿನವರೆಗಿನ ಅಂಚು ಯಾವಾಗಲೂ ಪೆನ್ಸಿಲಿನ ಪುಡಿಯಿಂದ ಕಪ್ಪಗೆ ಮಿರುಗುತ್ತಿತ್ತು. ಅವರು ಎಡಚರು. ಬರೆದದ್ದರ ಮೇಲೆಯೇ ಕೈ ಸರಿಯುತ್ತ ಹೋಗುತ್ತಿದ್ದುದರಿಂದ ಮಾಡಿದ ಲೆಕ್ಕದಲ್ಲಿ ಅರ್ಧ ಕಾಗದದ ಮೇಲೆ ಉಳಿದರೆ ಇನ್ನರ್ಧ ಕೈಗೆ ಅಂಟುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಮ್ಮ ವಿಭಾಗದ ಅಟೆಂಡರ್ ದಿನವೂ ನೆನಪಿಸಬೇಕು: "ಸರ್, ಕೈ ತೊಳ್ಕೊಂಡು ಬನ್ನಿ." ಇವರದು ದಿನವೂ ಒಂದೇ ಉತ್ತರ: "ಉಣ್ಣುದು ಬಲಗೈಯಲ್ಲಿ ಮಾರಾಯ್ರೆ. ಇದು ಆಫೀಸಿನ ಕೈ."

ಸುಳ್ಯ–ಪುತ್ತೂರು ರಸ್ತೆಯ ಬದಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳಲು ಸೇರಿದಾಗ ಅವರು ಅಲ್ಲಿ ಹಿರಿಯ ಪ್ರಾಧ್ಯಾಪಕರು. ಮಕ್ಕಳು ಅವರ ಹೆಸರು ಹೇಳುತ್ತಿರಲಿಲ್ಲ, ಕೈಲೆಕ್ಕದ ಸರ್ ಎನ್ನುತ್ತಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಇರಲಿಲ್ಲ. ಮಂಡೆಕೋಲಿನಿಂದ ಬರುವವರು. ಮನೆಗೆ ಫೋನು ಮಾಡಿದರೆ ಆ ಸೀಮೆಯ ಅರೆಭಾಷೆ, ಅಟೆಂಡರ್ ಹತ್ತಿರ ತುಳು, ತರಗತಿಯಲ್ಲಿ ಇಂಗ್ಲಿಷು. ನಮ್ಮ ಜೊತೆ ಮಾತ್ರ ನಿಧಾನದ ಕನ್ನಡ.

ನಾವಿಬ್ಬರೂ ಕಲಿಸುತ್ತಿದ್ದುದು ಕಂಟ್ರೋಲ್ ಸಿಸ್ಟಮ್ಸ್. ಮೋಟಾರು ಇರಲಿ, ನೀರಿನ ಟ್ಯಾಂಕು ಇರಲಿ, ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ಒಂದು ಉದ್ದನೆಯ ಸಮೀಕರಣ ಹೇಳುತ್ತದೆ. ಅದನ್ನು ಚಿಕ್ಕ ಚಿಕ್ಕ ಸಮೀಕರಣಗಳಾಗಿ ಬಿಡಿಸಿ, ಸಂಖ್ಯೆಗಳನ್ನು ಸಾಲುಸಾಲಾಗಿ ಒಂದು ಚೌಕದಲ್ಲಿ, ಅಂದರೆ ಮ್ಯಾಟ್ರಿಕ್ಸಿನಲ್ಲಿ, ಕೂರಿಸುವುದು ಪಾಠದ ಒಂದು ಭಾಗ. ಹಾಗೆ ಕೂರಿಸಲು ಕೆಲವು ಒಪ್ಪಿತ ಅಚ್ಚುಗಳಿವೆ. ಅವುಗಳಿಗೆ ಕೆನಾನಿಕಲ್ ಫಾರ್ಮ್ ಎನ್ನುತ್ತಾರೆ. ಕೈಯಲ್ಲಿ ಮಾಡಿದರೆ ಅರ್ಧ ಪುಟದ ಕೆಲಸ. ಸಾಫ್ಟ್‌ವೇರಿನಲ್ಲಿ ಒಂದು ಸಾಲು ಟೈಪು ಮಾಡಿದರೆ ಉತ್ತರ ಕಣ್ಣೆದುರು.

ಅವರು ಮಕ್ಕಳಿಗೆ ಎರಡನ್ನೂ ಮಾಡಿಸುತ್ತಿದ್ದರು. ನೋಟುಪುಸ್ತಕದ ಎಡಪುಟದಲ್ಲಿ ಕೈಲೆಕ್ಕ, ಬಲಪುಟದಲ್ಲಿ ಸಾಫ್ಟ್‌ವೇರಿನ ಉತ್ತರ. ಎರಡೂ ಒಂದೇ ಬಂದರೆ ಯಾಕೆ ಬಂತು ಎಂದು ಬರೆಯಬೇಕು, ಬೇರೆ ಬಂದರೂ ಯಾಕೆ ಎಂದು ಬರೆಯಬೇಕು. ನನಗೆ ಇದು ವ್ಯರ್ಥ ಕಸರತ್ತಾಗಿ ಕಾಣುತ್ತಿತ್ತು. ಆ ವಯಸ್ಸಿನಲ್ಲಿ ನನಗೆ ನನ್ನ ಬುದ್ಧಿಯ ಮೇಲೆ ಇದ್ದಷ್ಟು ಭಕ್ತಿ ದೇವರ ಮೇಲೂ ಇರಲಿಲ್ಲ. ನನ್ನ ಓದೆಲ್ಲ ಪವರ್ ಎಲೆಕ್ಟ್ರಾನಿಕ್ಸ್. ಕಂಟ್ರೋಲ್ ನನ್ನ ತಲೆಗೆ ಕಟ್ಟಿದ್ದು ಕಾಲೇಜಿನವರು. ಸಾಫ್ಟ್‌ವೇರನ್ನು ಹಿಡಿದುಕೊಂಡು ನಾನು ಆ ಹೊಳೆ ದಾಟುತ್ತಿದ್ದೆ. ನನ್ನ ಸೆಕ್ಷನ್ನಿನ ಮಕ್ಕಳು ಬೇಗ ಪಾಠ ಮುಗಿಯಿತೆಂದು ಖುಷಿಪಡುತ್ತಿದ್ದರು. ಸರ್ ಸೆಕ್ಷನ್ನಿನವರು ಇನ್ನೂ ಪೆನ್ಸಿಲು ಕೆತ್ತುತ್ತಿರುತ್ತಿದ್ದರು.

ಸೇರಿದ ಎರಡನೇ ವರ್ಷ ಲ್ಯಾಬಿನಲ್ಲಿ ಒಂದು ಘಟನೆ ನಡೆಯಿತು. ಮೋಟಾರಿಗೆ ಜೋಡಿಸಿದ ಒಂದು ಕಬ್ಬಿಣದ ತೋಳನ್ನು ಅಲುಗದಂತೆ ನಿಲ್ಲಿಸುವ ಪ್ರಯೋಗ. ಅದಕ್ಕೆ ಬೇಕಾದ ಮೂರು ಸಂಖ್ಯೆಗಳನ್ನು ಹುಡುಗರು ಕೈಯಲ್ಲಿ ಲೆಕ್ಕ ಹಾಕಿ, ಸಾಫ್ಟ್‌ವೇರು ತಯಾರಿಸಿದ ಮಾದರಿಗೆ ತುಂಬಿಸಿದರು. ಸ್ವಿಚ್ಚು ಹಾಕಿದ್ದೇ ತಡ, ತೋಳು ಎರಡು ಸಲ ನಡುಗಿ, ಮೂರನೇ ಸಲ ರಪ್ಪನೆ ಬೀಸಿತು. ಅದರ ತುದಿಯ ನಟ್ಟು ಕಳಚಿ ಹಾರಿ ಮೇಲಿನ ಟ್ಯೂಬ್‌ಲೈಟಿಗೆ ಬಡಿದು ಗಾಜು ಚೂರುಚೂರಾಗಿ ಕೆಳಗೆ ಬಿತ್ತು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಸರ್ ಹೋಗಿ ಮೇನ್ ಸ್ವಿಚ್ಚು ಇಳಿಸಿದರು.

"ಯಾರಿಗಾದ್ರೂ ತಾಗಿತಾ?" ಎಂದರು. ಯಾರಿಗೂ ತಾಗಿರಲಿಲ್ಲ. ಆಮೇಲೆ ಹುಡುಗರ ಕಾಗದ ನೋಡಿ, "ಎಲ್ಲಿಂದ ಎಣಿಸಿದ್ದು?" ಎಂದು ಕೇಳಿದರು. ಇದು ಅವರ ಯಾವತ್ತಿನ ಪ್ರಶ್ನೆ.

ಉತ್ತರವನ್ನೂ ಸರ್ ತಾವೇ ಹೇಳಿದರು: "ನೀವು ಕೈಯಲ್ಲಿ ಮಾಡುವಾಗ ಈ ಕೊನೆಯಿಂದ ಎಣಿಸಿದ್ದೀರಿ. ಸಾಫ್ಟ್‌ವೇರು ಆ ಕೊನೆಯಿಂದ ಎಣಿಸ್ತದೆ. ನಿಮ್ಮ ಒಂದನೇದು ಅದಕ್ಕೆ ಮೂರನೇದು. ಸುಳ್ಯದಿಂದ ಬಸ್ಸು ಹತ್ತಿದರೆ ಜಾಲ್ಸೂರು ಬೇಗ ಸಿಗ್ತದೆ, ಪುತ್ತೂರಿಂದ ಹತ್ತಿದರೆ ಕೊನೆಗೆ ಸಿಗ್ತದೆ. ಜಾಲ್ಸೂರು ಇದ್ದಲ್ಲೇ ಉಂಟು. ಆದರೆ ಎಣಿಕೆ ನಂಬಿ ಇಳಿದರೆ ಬೇರೆ ಊರಲ್ಲಿ ಇಳಿತೀರಿ."

ಹುಡುಗರು ನಕ್ಕರು, ನಾನೂ ನಕ್ಕೆ. ಕೇಳಿ ಮರೆತೆ. ಮರೆತದ್ದರ ಬೆಲೆ ಅದೇ ವರ್ಷದ ಕೊನೆಯಲ್ಲಿ ಗೊತ್ತಾಯಿತು.

ನಮ್ಮದು ಸ್ವಾಯತ್ತ ಕಾಲೇಜು, ಪ್ರಶ್ನೆಪತ್ರಿಕೆಯೂ ಮೌಲ್ಯಮಾಪನವೂ ನಮ್ಮಲ್ಲೇ. ವರ್ಷದ ಕೊನೆಗೆ ಬಿದ್ದವರಿಗಾಗಿ ಒಂದು ಮರುಪರೀಕ್ಷೆ ಇರುತ್ತದೆ. ಅದರಲ್ಲೂ ಬಿದ್ದರೆ ಮುಂದಿನ ವರ್ಷಕ್ಕೆ ಹೋಗುವಂತಿಲ್ಲ, ವರ್ಷ ಹೋಯಿತೆಂದೇ ಲೆಕ್ಕ. ಆ ಸಲದ ಮರುಪರೀಕ್ಷೆಗೆ ಪ್ರಶ್ನೆಯನ್ನೂ ಸ್ಕೀಮನ್ನೂ, ಅಂದರೆ ಉತ್ತರಸೂಚಿಯನ್ನೂ, ತಯಾರಿಸಿದವಳು ನಾನು. ಪರಿಶೀಲಿಸಿ ಸಹಿ ಹಾಕಬೇಕಾದವರು ಸರ್. ಉತ್ತರಪತ್ರಿಕೆ ತಿದ್ದಿದವಳೂ ನಾನು. ಮೂವತ್ತೆಂಟು ಪತ್ರಿಕೆಗಳು. ಸರ್ ಮುಖ್ಯ ಮೌಲ್ಯಮಾಪಕರಾಗಿ ಕಟ್ಟಿನಿಂದ ಒಂದೆರಡನ್ನು ಎತ್ತಿ ನೋಡಬೇಕಿತ್ತು. ಸಂಜೆ ಐದಕ್ಕೆ ಕಟ್ಟು ಪರೀಕ್ಷಾ ನಿಯಂತ್ರಕರ ಕೋಣೆಗೆ ಹೋದರೆ ಮುಗಿಯಿತು, ಮೊಹರು.

ಮಧ್ಯಾಹ್ನ ಎರಡೂವರೆಗೆ ಅವರು ತಮ್ಮ ಮೇಜಿನಿಂದ ಕರೆದರು. "ಮೇಡಂ, ಸ್ವಲ್ಪ ಇಲ್ಲಿ ಬರ್ತೀರಾ."

ಹೋಗಿ ಅವರ ಪಕ್ಕ ನಿಂತೆ. ಮುಂದೆ ಒಂದು ಉತ್ತರಪತ್ರಿಕೆ, ಹತ್ತು ಅಂಕದ ಪ್ರಶ್ನೆಯ ಪಕ್ಕದಲ್ಲಿ ನನ್ನ ಕೆಂಪು ಸೊನ್ನೆ.

"ಇದು ಎಂತಕ್ಕೆ?"

"ಸ್ಕೀಮಿನಲ್ಲಿ ಹಾಗೆ ಇಲ್ಲ ಸರ್. ಮೈನಸ್ ಒಂಬತ್ತು, ಮೈನಸ್ ಇಪ್ಪತ್ತಾರು, ಮೈನಸ್ ಇಪ್ಪತ್ತನಾಲ್ಕು ಮೇಲಿನ ಸಾಲಲ್ಲಿ ಬರ್ಬೇಕು. ಇವರು ಕೆಳಗಿನ ಸಾಲಲ್ಲಿ ಬರೆದಿದ್ದಾರೆ. ಅದೂ ಹಿಂದುಮುಂದು."

"ಸ್ಕೀಮಿಗೆ ಉತ್ತರ ಎಲ್ಲಿಂದ ಬಂತು?"

"ಸಾಫ್ಟ್‌ವೇರಿಂದ ತೆಗೆದದ್ದು."

"ಅದು ಸುಳ್ಳು ಹೇಳುದಿಲ್ಲ," ಎಂದರು. "ಕೇಳಿದ್ದಕ್ಕೆ ಸರಿ ಉತ್ತರವೇ ಕೊಟ್ಟಿದೆ. ಈ ಮಕ್ಕಳೂ ಸರಿ ಉತ್ತರವೇ ಬರೆದಿದ್ದಾರೆ."

ನಾನು ವಾದಕ್ಕೆ ನಿಂತೆ. ಮೌಲ್ಯಮಾಪನದ ಕೋಣೆಗೆ ಫೋನು ತರುವಂತಿಲ್ಲ, ಕಂಪ್ಯೂಟರ್ ಇಲ್ಲ. ನನ್ನ ಬಲವೆಲ್ಲ ಬಾಗಿಲ ಹೊರಗೆ ಫೋನು ಇಡುವ ಪೆಟ್ಟಿಗೆಯಲ್ಲಿತ್ತು. ಅವರು ಮಾತು ಬೆಳೆಸಲಿಲ್ಲ. ಒಂದು ಬಿಳಿ ಹಾಳೆಯಲ್ಲಿ ಆ ಪತ್ರಿಕೆಯಲ್ಲಿದ್ದ ಮ್ಯಾಟ್ರಿಕ್ಸನ್ನು ದೊಡ್ಡ ಅಕ್ಷರದಲ್ಲಿ ಬರೆದು, ಹಾಳೆಯನ್ನು ಮೇಜಿನ ಮೇಲೆಯೇ ತಲೆಕೆಳಗಾಗುವಂತೆ ತಿರುಗಿಸಿ ನನ್ನ ಕಡೆ ತಳ್ಳಿದರು.

"ಈಗ ಓದಿ. ಒಂಬತ್ತನ್ನು ಆರು ಅಂತ ಓದಬೇಡಿ, ಅಷ್ಟೇ."

ಓದಿದೆ. ಕೆಳಗಿನ ಸಾಲು ಮೇಲೆ ಬಂದಿತ್ತು. ಒಂಬತ್ತು, ಇಪ್ಪತ್ತಾರು, ಇಪ್ಪತ್ತನಾಲ್ಕು, ನನ್ನ ಸ್ಕೀಮಿನಲ್ಲಿದ್ದ ಕ್ರಮದಲ್ಲೇ. ಒಂದುಗಳು ಒಂದಿರಬೇಕಾದಲ್ಲಿ, ಸೊನ್ನೆಗಳು ಸೊನ್ನೆಯಿರಬೇಕಾದಲ್ಲಿ. ಎರಡೂ ಒಂದೇ ಯಂತ್ರ, ಒಂದನ್ನು ಈ ಕೊನೆಯಿಂದ ಎಣಿಸಿದೆ, ಇನ್ನೊಂದನ್ನು ಆ ಕೊನೆಯಿಂದ. ಹದಿನೇಳು ಪತ್ರಿಕೆಗಳಿಗೆ ನಾನು ಸೊನ್ನೆ ಹಾಕಿದ್ದೆ. ಯೋಚಿಸಿದರೆ ಅವೆಲ್ಲ ಸರ್ ಸೆಕ್ಷನ್ನಿನವರದ್ದೇ ಇರಬೇಕು. ಅವರು ಕಲಿಸಿದಂತೆ ಬರೆದವರು. ನನ್ನ ನೋಟ್ಸಿನಂತೆ ಬರೆದವರಿಗೆ ಹತ್ತಕ್ಕೆ ಹತ್ತು.

ಆಗ ನನಗೆ ಹೊಳೆದದ್ದು ಆ ಹದಿನೇಳು ಮಕ್ಕಳ ವರ್ಷವಲ್ಲ, ನನ್ನ ಕೆಲಸ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಈ ಬರಹಕ್ಕೆ ಅರ್ಥವಿಲ್ಲ. ಮುಂದಿನ ತಿಂಗಳು ನನ್ನನ್ನು ಖಾಯಂ ಮಾಡುವ ಕಡತ ಮೇಲೆ ಹೋಗಬೇಕಿತ್ತು.

"ಸ್ಕೀಮು ಪಾಸಾಗಿದೆ ಅಲ್ವಾ ಸರ್," ಎಂದೆ. "ಈಗ ಕೈ ಹಾಕಿದರೆ ತಪ್ಪಾಗ್ತದೆ."

ಅವರು ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ಪರೀಕ್ಷಾ ನಿಯಂತ್ರಕರಿಗೆ ಬರೆದ ಪತ್ರ. ಉತ್ತರಸೂಚಿಯನ್ನು ಸ್ವತಃ ಬಿಡಿಸಿ ನೋಡದೆ ಸಹಿ ಮಾಡಿದ್ದೇನೆ, ಅದರಿಂದಾದ ಲೋಪಕ್ಕೆ ನಾನು ಹೊಣೆ, ಎಂದಿತ್ತು. ಕೆಳಗೆ ಸಹಿ. ನನ್ನನ್ನು ಕರೆಯುವ ಮೊದಲೇ ಬರೆದಿಟ್ಟಿದ್ದರು.

"ನನ್ನದು ಆಯ್ತು," ಎಂದರು. "ನಿಮಗೆ ಬರೆಯಿರಿ ಅಂತ ನಾನು ಹೇಳುದಿಲ್ಲ. ಆದರೆ ಸ್ಕೀಮು ಮಾಡಿದವರ ಪತ್ರ ಇಲ್ಲದೆ ಅವರು ಹಾಕಿದ ಅಂಕ ತಿದ್ದಲಿಕ್ಕೆ ಒಪ್ಪುದಿಲ್ಲ. ಅದು ನಿಯಮ."

ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ತಾನು ಮೊದಲು ಬರೆದು ನನ್ನನ್ನು ಮೂಲೆಗೆ ಒತ್ತಿದರು ಎನ್ನಿಸಿತು. "ಬಸ್ಸಿನ ಲೆಕ್ಕವನ್ನೂ ಕೈಯಲ್ಲಿ ಮಾಡುವವರು ನೀವು. ಇದೊಂದನ್ನು ನೋಡದೆ ಯಾಕೆ ಸಹಿ ಹಾಕಿದಿರಿ?" ಎಂದು ಕೇಳಿಯೇಬಿಟ್ಟೆ. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು.

"ನೀವು ಮಾಡಿದ್ದು ಅಂತ," ಎಂದರು.

ನನ್ನ ಮೇಜಿಗೆ ಮರಳಿ ಕುಳಿತೆ. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಕಳೆಯಿತು, ಮೂರೂಕಾಲು ಆಯಿತು. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ, ನನ್ನ ಹಟ ಅಂಥದ್ದು. ಮೂರೂವರೆಗೆ ನಾಲ್ಕು ಸಾಲು ಬರೆದು ಸಹಿ ಹಾಕಿದೆ. ನಿಯಂತ್ರಕರು ಎರಡು ಪತ್ರಗಳನ್ನೂ ಓದಿ ನಮ್ಮಿಬ್ಬರನ್ನೂ ನಿಲ್ಲಿಸಿಯೇ ಮಾತಾಡಿದರು. ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮತ್ತೆ ತಿದ್ದಲು ಕೂತಾಗ ನಾಲ್ಕು ಗಂಟೆ ಹತ್ತು ನಿಮಿಷ. ನಾನು ಪ್ರತಿ ಸಾಲನ್ನೂ ಪೆನ್ನಿನಲ್ಲಿ ಬಿಡಿಸಿ ತಿದ್ದುವುದು, ಸರ್ ಪಕ್ಕದಲ್ಲಿ ಕುಳಿತು ಮತ್ತೆ ಬಿಡಿಸಿ ಸಹಿ ಹಾಕುವುದು. ಐದಕ್ಕೆ ಮೂರು ನಿಮಿಷ ಇರುವಾಗ ಹದಿನೇಳನೆಯದು ಮುಗಿಯಿತು. ಬಿದ್ದವರ ಪಟ್ಟಿಯಿಂದ ಒಂಬತ್ತು ನಂಬರುಗಳು ಪಾಸಾದವರ ಪಟ್ಟಿಗೆ ಹೋದವು.

ನನ್ನ ಖಾಯಮಾತಿ ಒಂದು ವರ್ಷ ಮುಂದಕ್ಕೆ ಹೋಯಿತು. ಅವರನ್ನು ಪರೀಕ್ಷೆಯ ಎಲ್ಲ ಕೆಲಸದಿಂದ ತೆಗೆದರು, ನಿವೃತ್ತಿಯವರೆಗೂ ಮತ್ತೆ ಕರೆಯಲಿಲ್ಲ. ಅಷ್ಟು ವರ್ಷ ದುಡಿದವರಿಗೆ ಅದು ಸಣ್ಣ ಅವಮಾನವಲ್ಲ. "ಒಳ್ಳೇದಾಯ್ತು, ಬೇಸಿಗೆಯಲ್ಲಿ ಮನೆಯಲ್ಲಿ ಕೂತು ಹಲಸಿನ ಹಪ್ಪಳ ಒಣಗಿಸುದು," ಎಂದು ನಕ್ಕರು. ಆ ನಗು ಪೂರ್ತಿ ನಗುವಾಗಿರಲಿಲ್ಲ.

ಆ ವರ್ಷದಿಂದ ನಾನು ಅವರ ಶಿಷ್ಯಳಾದೆ. ಬಿಡುವಿನ ಗಂಟೆಯಲ್ಲಿ ಅವರ ಮೇಜಿನ ಎದುರು ಕುಳಿತು ಎಲ್ಲ ಅಚ್ಚುಗಳನ್ನೂ ಕೈಯಲ್ಲಿ ಮಾಡಿದೆ, ಸಾಫ್ಟ್‌ವೇರಿನಲ್ಲೂ ಮಾಡಿದೆ, ಎಲ್ಲಿ ಬೇರೆಯಾಗುತ್ತದೆ ಎಂದು ಬರೆದೆ. ತಪ್ಪಿದರೆ ಬಯ್ಯುತ್ತಿರಲಿಲ್ಲ. ಪೆನ್ಸಿಲಿನ ಹಿಂಬದಿಯಿಂದ ತಪ್ಪಿದ ಸಾಲನ್ನು ಒಮ್ಮೆ ಕುಟ್ಟುವುದು, ಅಷ್ಟೇ. ಒಂದು ಮಾತನ್ನು ಮಾತ್ರ ನಾನು ಅವರಿಗೆ ಹೇಳದೆ ಬಚ್ಚಿಟ್ಟಿದ್ದೆ. ಅದರ ಹಿಂದಿನ ವರ್ಷದ ಮರುಪರೀಕ್ಷೆಯಲ್ಲೂ ಅಂಥದ್ದೇ ಒಂದು ಪ್ರಶ್ನೆಯಿತ್ತು. ಆಗಲೂ ಸ್ಕೀಮು ನನ್ನದು, ಆಗಲೂ ಸಾಫ್ಟ್‌ವೇರಿನಿಂದ ತೆಗೆದದ್ದು, ಆಗಲೂ ತಿದ್ದಿದವಳು ನಾನು. ಇದು ನನಗೆ ಹೊಳೆದದ್ದು ಪತ್ರ ಕೊಟ್ಟ ಆ ಸಂಜೆಯೇ, ಮನೆಗೆ ಹೋಗುವ ಬಸ್ಸಿನಲ್ಲಿ. ಹಳೆಯ ಉತ್ತರಪತ್ರಿಕೆಗಳನ್ನು ಅಷ್ಟರಲ್ಲಿ ರದ್ದಿಗೆ ಹಾಕಿ ಆಗಿತ್ತು. ಇನ್ನು ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸರ್‌ಗೆ ಅದು ನೆನಪಿಲ್ಲ ಎಂದೂ ನಂಬಿಕೊಂಡೆ.

ನಿವೃತ್ತಿಯಾಗಿ ಮೂರು ವರ್ಷಕ್ಕೆ ಅವರಿಗೆ ಕಾಯಿಲೆ ಹತ್ತಿತು. ಹೊಟ್ಟೆಯದು. ವೈದ್ಯರು ಕೈಚೆಲ್ಲಿದ ಮೇಲೆ ಮಂಡೆಕೋಲಿಗೆ ನೋಡಲು ಹೋದೆ. ಚಾವಡಿಯಲ್ಲಿ ಮಂಚ ಹಾಕಿದ್ದರು. ಹೆಂಡತಿ ಚಾ ತರಲು ಒಳಗೆ ಹೋದದ್ದೇ ಅವರು ತಾವಾಗಿ ಮಾತು ತೆಗೆದರು.

"ಮೇಡಂ, ಅದರ ಹಿಂದಿನ ವರ್ಷದ್ದು ನಿಮಗೂ ಗೊತ್ತುಂಟಲ್ಲ?"

ನಾನು ತಲೆ ತಗ್ಗಿಸಿದೆ. ಇಷ್ಟು ವರ್ಷ ಇಬ್ಬರೂ ಎದುರುಬದುರು ಕುಳಿತು ಅದೇ ಲೆಕ್ಕಗಳನ್ನು ಮಾಡಿದ್ದೆವು.

"ಒಬ್ಬಳು ಹುಡುಗಿ ಬಂದಿದ್ಲು ಆಗ," ಎಂದರು. "ನನ್ನ ಸೆಕ್ಷನ್ನಿನವಳು, ಕಡಬದ ಹತ್ರ. ಸರ್, ನಾನು ನೀವು ಹೇಳಿಕೊಟ್ಟ ಹಾಗೆಯೇ ಬರೆದದ್ದು, ಮತ್ತೆ ಯಾಕೆ ಬಿದ್ದೆ, ಮರುಮೌಲ್ಯಮಾಪನಕ್ಕೆ ಹಾಕ್ಲಾ ಅಂತ ಕೇಳಿದ್ಲು. ಸ್ಕೀಮಿಗೆ ಸಹಿ ಹಾಕಿದ್ದು ನಾನೇ, ಅದರಲ್ಲಿ ತಪ್ಪಿರ್ಲಿಕ್ಕಿಲ್ಲ, ನೀನೇ ಎಲ್ಲಿಯೋ ತಪ್ಪಿರ್ಬೇಕು ಅಂತ ಹೇಳಿ ಕಳಿಸಿದೆ. ಎಂತ ಬರೆದದ್ದು ಅಂತ ಕೇಳಲೂ ಇಲ್ಲ. ಅವಳು ಕಾಲೇಜು ಬಿಟ್ಳು."

ಅವರಿಗೆ ಏದುಸಿರು ಬಂತು. ನಾನು ನೀರು ಕುಡಿಸಿದೆ.

"ನಾಲ್ಕು ಸಲ ಕಡಬದವರೆಗೆ ಹೋದೆ. ಪೇಟೆಯಲ್ಲಿ ಅವಳ ಅಪ್ಪನ ಮೋಟಾರು ರಿವೈಂಡಿಂಗ್ ಅಂಗಡಿ ಉಂಟು, ಅಲ್ಲೇ ಕೆಲಸ ಮಾಡ್ತಾಳೆ. ದೂರದಿಂದ ನೋಡಿ, ಚಾ ಕುಡಿದು, ಅದೇ ಬಸ್ಸಲ್ಲಿ ಹಿಂದೆ ಬಂದೆ. ನನ್ನದು ಮಾತ್ರ ಹೇಳುವ ಅಂತ ಹೋದದ್ದು. ಆದರೆ ಅದನ್ನು ಅರ್ಧ ಹೇಳ್ಲಿಕ್ಕೆ ಆಗುದಿಲ್ಲ ಮೇಡಂ. ಹೇಳಿದರೆ ನಿಮ್ಮ ಹೆಸರೂ ಬರ್ತದೆ."

ಚಾ ಬಂತು. ಮುಂದೆ ಅವರು ಆ ವಿಷಯ ಎತ್ತಲಿಲ್ಲ, ನೀವು ಹೋಗಿ ಹೇಳಿ ಎಂದೂ ಅನ್ನಲಿಲ್ಲ. ಹೊರಡುವಾಗ ಕೈ ಮುಗಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಹನ್ನೆರಡು ದಿನ ಕಳೆದು ತೀರಿಕೊಂಡರು.

ಅವರ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿಸಿ ಬಂದ ಮರುದಿನ ನಾನು ಕಡಬದ ಬಸ್ಸು ಹತ್ತಿದೆ. ಇಳಿದು ಅಂಗಡಿ ಹುಡುಕುವಾಗ ಎರಡು ಸಲ ಹೋಟೆಲಿನ ಮುಂದೆ ಕಾಲು ನಿಂತಿತು. ಸರ್ ಕಾಲೂ ಇಲ್ಲೇ ನಿಂತಿರಬೇಕು. ಚಾ ಕುಡಿಯಲು ಹೋದರೆ ಹಿಂದೆ ಹೋಗುವುದೇ ಸೈ ಎಂದು ಗೊತ್ತಿದ್ದುದರಿಂದ ಒಳಗೆ ಹೋಗಲಿಲ್ಲ.

ಅಂಗಡಿಯಲ್ಲಿ ಆಕೆ ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ನನ್ನ ಗುರುತು ಸಿಕ್ಕಿತು. "ಮೇಡಂ, ಐವತ್ತು ಸುತ್ತು ಉಂಟು, ಎಣಿಕೆ ತಪ್ತದೆ, ಕೂತ್ಕೊಳ್ಳಿ," ಎಂದಳು. ಕುಳಿತೆ. ಆ ಐವತ್ತು ಸುತ್ತು ಮುಗಿಯುವವರೆಗೆ ನಾನು ಏಳಲಿಲ್ಲ ಎಂಬುದೇ ನನ್ನ ಜೀವಮಾನದ ಧೈರ್ಯ. ಆಮೇಲೆ ಎಲ್ಲವನ್ನೂ ಹೇಳಿದೆ. ಸ್ಕೀಮು, ಸಹಿ, ರದ್ದಿಗೆ ಹೋದ ಪತ್ರಿಕೆಗಳು, ಎರಡನೇ ವರ್ಷದ ಪತ್ರಗಳು, ಸರ್ ನಾಲ್ಕು ಸಲ ಬಂದದ್ದು, ನಾನು ಒಂದು ಸಲವೂ ಬಾರದೆ ಇದ್ದದ್ದು.

"ಅದು ಹತ್ತು ಮಾರ್ಕಿಂದು ಅಲ್ವಾ?" ಎಂದಳು.

"ಹತ್ತು."

"ನನಗೆ ಆರು ಕಮ್ಮಿ ಆಗಿತ್ತು."

ಆಕೆ ಕೈಯೊರೆಸುವ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದರೆ ಒಳ್ಳೆಯದೆಂದೂ ಅನ್ನಿಸಿತು.

"ಇಷ್ಟು ವರ್ಷ ನಾನು ಎಂತ ಗ್ರಹಿಸಿದ್ದು ಗೊತ್ತುಂಟಾ?" ಎಂದಳು. "ಸರ್ ನಮಗೆ ತಪ್ಪು ಹೇಳಿಕೊಟ್ಟಿದ್ದಾರೆ ಅಂತ. ಅವರು ಬೋರ್ಡಲ್ಲಿ ಬರೆದ ಹಾಗೆಯೇ ಬರೆದು ಬಿದ್ದೆ ಅಲ್ವಾ. ಅವರ ಮೇಲೆ ಸಿಟ್ಟಲ್ಲಿ ನೋಟ್ಸು ಒಲೆಗೆ ಹಾಕಿದೆ."

"ಅವರು ಕಲಿಸಿದ್ದು ಸರಿ," ಎಂದೆ. "ನೀವು ಬರೆದದ್ದೂ ಸರಿ. ತಪ್ಪಾಗಿ ತಿದ್ದಿದವಳು ನಾನು."

ಇದನ್ನು ಅವರು ಬದುಕಿದ್ದಾಗ ಅವಳೆದುರು ಹೇಳುವ ಧೈರ್ಯ ನನಗಿದ್ದಿದ್ದರೆ ಅವರು ನಾಲ್ಕು ಸಲ ಬರಬೇಕಾಗಿರಲಿಲ್ಲ. ನನ್ನ ಹೆಸರು ಉಳಿಸಲು ಅವರು ಒಬ್ಬ ಶಿಷ್ಯೆಯ ಮನಸ್ಸಿನಲ್ಲಿ ತಪ್ಪು ಕಲಿಸಿದ ಮೇಷ್ಟ್ರಾಗಿಯೇ ಉಳಿದು ಹೋದರು.